ಕಬ್ಬಿನ ನಡುವೆ ಕಲ್ಲಿನ ರಾಶಿ

ಮಾರಿಷಸ್‌ಗೆ ಹೊರಟವರಿಗೆ ಟ್ರಾವೆಲ್ ಏಜೆಂಟರು ಮಾರುವುದು ಕಡಲನ್ನು. ಐದಾರು ದಿನ ರೆಸಾರ್ಟು. ನಡುವೆ ಒಂದು ದಿನ ಉತ್ತರ, ಇನ್ನೊಂದು ದಿನ ದಕ್ಷಿಣ ಅಂತ ವ್ಯಾನಿನಲ್ಲಿ ಒಂದು ಸುತ್ತು. ಅಲ್ಲಿಗೆ ದ್ವೀಪ ಮುಗಿಯಿತು. ಉದ್ದ ಸುಮಾರು 65 ಕಿ.ಮೀ., ಅಗಲ ಸುಮಾರು 45. ಕೊಡಗಿನ ಅರ್ಧದಷ್ಟೂ ಇಲ್ಲದ ನೆಲಕ್ಕೆ ಅಷ್ಟು ಸಾಲದೇ ಎಂಬ ಲೆಕ್ಕ. ಆದರೆ ಚಿಕ್ಕದೆಂಬ ಕಾರಣಕ್ಕೇ ಇಲ್ಲಿ ಬಾಡಿಗೆ ಕಾರು ಹಿಡಿದು ತಾವೇ ಓಡಿಸಬೇಕು. ದಾರಿ ತಪ್ಪಿದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ, ಸ್ವಲ್ಪ ಹೊತ್ತಿಗೆ ಎಲ್ಲೋ ಒಂದು ಕಡೆ ಸಮುದ್ರ ಅಡ್ಡ ಬರುತ್ತದೆ. ನಮ್ಮವರು ಹೊಸದಾಗಿ ಕೈ ಪಳಗಿಸಿಕೊಳ್ಳುವ ಪಾಡೂ ಇಲ್ಲ. ಫ್ರೆಂಚರು 1810ರಲ್ಲಿ ದ್ವೀಪವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರೂ ಊರಿನ ಹೆಸರುಗಳು ಇಂದಿಗೂ ಅವರವೇ; ನಮ್ಮಲ್ಲಿರುವಂತೆ ಎಡಗಡೆ ಓಡಿಸುವ ಪದ್ಧತಿ ಮಾತ್ರ ಬ್ರಿಟಿಷರದು.

ಕಾರು ಬೇಕೆನ್ನುವುದಕ್ಕೆ ಮುಖ್ಯ ಸಾಕ್ಷಿ ಒಳನಾಡಿನಲ್ಲಿದೆ. ಹೆದ್ದಾರಿ ಬಿಟ್ಟು ತಿರುಗಿದರೆ ಸಿಗುವುದು ಕಬ್ಬು, ಆ ಕಬ್ಬಿನ ನಡುನಡುವೆ ಆಳೆತ್ತರ ಮೀರಿದ ಕಪ್ಪು ಕಲ್ಲಿನ ರಾಶಿಗಳು. ವ್ಯಾನಿನ ಕಿಟಕಿಗೆ ಅವು ಕಣ್ಣು ಮಿಟುಕಿಸುವಷ್ಟು ಹೊತ್ತಿನ ನೋಟ. ಗಾಡಿ ನಿಲ್ಲಿಸಿ ಹತ್ತಿರ ಹೋದರೆ ತಿಳಿಯುತ್ತದೆ: ಅಂಚಿಗೆ ದೊಡ್ಡ ಕಲ್ಲು, ಒಳಗೆ ಸಣ್ಣವು, ಒಟ್ಟಿನಲ್ಲಿ ಯಾರೋ ಕೂತು ಜೋಡಿಸಿದ ಕೆಲಸ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ ಇದು. ಬಸಾಲ್ಟ್ ಬಂಡೆ ಎತ್ತಿ ಹಾಕದೆ ಒಂದು ಸಾಲು ಕಬ್ಬನ್ನೂ ನೆಡುವಂತಿರಲಿಲ್ಲ. ಮೊದಲು ಗುಲಾಮರು, 1835ರಲ್ಲಿ ಗುಲಾಮಗಿರಿ ನಿಲ್ಲುವ ಹೊತ್ತಿನಿಂದ ಭಾರತದ ಕರಾರು ಕೂಲಿಗಳು ಆ ನೆಲದಲ್ಲಿ ದುಡಿದರು. ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ನಲ್ಲಿ ಹಡಗಿಳಿದವರು ಹತ್ತಿ ಬಂದ 16 ಕಲ್ಲಿನ ಮೆಟ್ಟಿಲುಗಳನ್ನು ಉಳಿಸಿಕೊಂಡಿದ್ದಾರೆ. 1834ರಿಂದ 1920ರವರೆಗೆ ಐದು ಲಕ್ಷದ ಹತ್ತಿರ ಜನ ಬಂದರು. ಮೆಟ್ಟಿಲು ನೋಡಲು ಕಾರು ಬೇಕಿಲ್ಲ. ಹತ್ತಿದವರು ಎಲ್ಲಿಗೆ ಹೋದರು ಎಂಬುದನ್ನು ನೋಡಲು ಬೇಕು. ಗದ್ದೆಯಂಚಿನ ಮರದಡಿ ಕಾಳಿಮಾಯಿಯ ಗುಡಿ, ಮನೆಯಂಗಳದ ಬಿದಿರುಗಳಕ್ಕೆ ಕಟ್ಟಿದ ಹನುಮಂತನ ಕೆಂಪು ಬಾವುಟ, ಇವಕ್ಕೆಲ್ಲ ಟೂರಿನವರ ಪಟ್ಟಿಯಲ್ಲಿ ಜಾಗವಿಲ್ಲ.

ಬಸ್ಸು ಅಗ್ಗ, ಜನರ ಜೊತೆ ಬೆರೆಯಲೂ ಅದೇ ಲೇಸು ಎನ್ನುವವರಿದ್ದಾರೆ. ನಿಜ, ಆದರೆ ಹಳ್ಳಿ ಕಡೆಯ ಬಸ್ಸು ಸಂಜೆಗೇ ನಿಲ್ಲುತ್ತದೆ, ಗದ್ದೆಯ ನಡುವೆ ಇಳಿದವರ ಗತಿ ಹೇಳತೀರದು. ಸ್ಥಳೀಯ ಚಾಲಕನಿಗೆ ತಿಳಿದಷ್ಟು ನಮಗೆ ತಿಳಿದೀತೇ ಎಂಬ ಪ್ರಶ್ನೆ ಇನ್ನೂ ಗಟ್ಟಿ. ತಿಳಿದಿರುವುದೇನೋ ಹೌದು, ಆದರೆ ಅವನ ದಿನ ಮೊದಲೇ ಹಂಚಿಹೋಗಿರುತ್ತದೆ: ಶಾಮರೆಲ್‌ನ ಏಳು ಬಣ್ಣದ ಮಣ್ಣು, ಆಟಿಕೆ ಹಡಗಿನ ಅಂಗಡಿ, ಊಟ. (ಆ ಅಂಗಡಿಯಲ್ಲಿ ಕಳೆಯುವ ಮುಕ್ಕಾಲು ಗಂಟೆಯ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು.) ಅಪಾಯದ ಮಾತನ್ನು ಮಾತ್ರ ತಳ್ಳಿಹಾಕಲಾಗದು. ಕಟಾವಿಗೆ ಮುಂಚೆ ಕಬ್ಬು ರಸ್ತೆಯ ಅಂಚಿಗೇ ಬಂದು ನಿಂತಿರುತ್ತದೆ, ತಿರುವಿನಾಚೆ ಏನಿದೆಯೆಂದು ಕಾಣದು; ದಕ್ಷಿಣದ ಮಕೊಂದೆಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಅಲೆ, ನಡುವೆ ಇಕ್ಕಟ್ಟಾದ ತಿರುವು. ಹಾರ್ನ್ ಮಾಡಿ ನಿಧಾನಕ್ಕೆ ದಾಟುವುದೊಂದೇ ಉಪಾಯ. ರಾತ್ರಿ ಓಡಿಸಬಾರದು.

ಕಾರು ಬೇಡವೇ ಬೇಡ ಎನ್ನುವ ಜಾಗವೂ ಉಂಟು. ಪೋರ್ಟ್ ಲೂಯಿಗೆ ಕ್ಯೂರ್‌ಪೀಪ್‌ನಿಂದ ಮೆಟ್ರೊ ಇದೆ, ಊರೊಳಗೆ ಪಾರ್ಕಿಂಗ್ ಹುಡುಕಿ ಸಾಯುವ ಬದಲು ಅದನ್ನೇ ಹತ್ತಬೇಕು. ಶಿವರಾತ್ರಿಯ ಹೊತ್ತಿಗೆ ಗಂಗಾ ತಲಾವ್ ಎಂಬ ಪವಿತ್ರ ಕೆರೆಯ ಕಡೆಯ ರಸ್ತೆಗಳಿಗಂತೂ ಇಳಿಯಲೇಬಾರದು. ಬಿಳಿ ಬಟ್ಟೆ ತೊಟ್ಟು, ಕಾಗದದ ಹೂವಿನಿಂದ ಸಿಂಗರಿಸಿದ ಕಾಂವರ್ ಎಂಬ ಕಾವಡಿ ಹೊತ್ತ ಲಕ್ಷಾಂತರ ಜನ ದ್ವೀಪದ ಮೂಲೆಮೂಲೆಯಿಂದ ನಡೆದು ಬರುತ್ತಾರೆ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಆ ಸಾಲಿನ ಹಿಂದೆ ಒಂದೆರಡು ಮೈಲಿ ನಡೆಯುವುದು ವಾಸಿ.