ಯಂತ್ರವು ನಮ್ಮ ಮನೆಮಾತನ್ನು ಕಲಿಯುವ ಬಗೆ

ದೂಧಗಂಗೆಯ ತೀರದ ದತ್ತವಾಡದಂತಹ ಊರುಗಳಲ್ಲಿ ಗಡಿನಾಡ ಕನ್ನಡಿಗರಾದ ನಾವು ಕಚೇರಿಯಲ್ಲಿ ಮರಾಠಿಯನ್ನೂ ಮನೆಯಲ್ಲಿ ಕನ್ನಡವನ್ನೂ ಬಳಸುತ್ತ ಬಂದಿದ್ದೇವೆ. ಇಂದು ಬ್ಯಾಂಕಿನ ಜಮಾ-ಖರ್ಚು, ಹೊಲದ ಉತಾರ, ಪಿಂಚಣಿಯ ಸುದ್ದಿಗಳು ಮೊಬೈಲಿನಲ್ಲಿಯೇ ಬರುತ್ತಿವೆ. ಕನ್ನಡವೊಂದನ್ನೇ ಓದಬಲ್ಲ ಹಿರಿಯರು ತಮ್ಮ ಹಣದ ಲೆಕ್ಕವನ್ನು ಪರರ ನೆರವಿಲ್ಲದೆ ತಿಳಿಯಬಲ್ಲರೇ? ಈ ಪ್ರಶ್ನೆಯಿಂದಾಗಿ, ತಂತ್ರಾಂಶವೊಂದಕ್ಕೆ ಹಲವು ಭಾಷೆಗಳನ್ನು ಕೂಡಿಸುವ ಬಗೆಯನ್ನು ನಾವು ಅರಿಯುವುದು ಅವಶ್ಯವಾಗಿದೆ.

ಮೊದಲ ಮಾತು ಲಿಪಿಯದು. ಕಂಪ್ಯೂಟರಿಗೆ ಪ್ರತಿಯೊಂದು ಅಕ್ಷರವೂ ಒಂದು ಸಂಖ್ಯೆ. ಹಿಂದೆ ಬೇರೆ ಬೇರೆ ಫಾಂಟುಗಳು ಬೇರೆ ಬೇರೆ ಸಂಖ್ಯಾಕ್ರಮಗಳನ್ನು ಅನುಸರಿಸುತ್ತಿದ್ದುದರಿಂದ ಒಂದೆಡೆ ಬರೆದುದು ಮತ್ತೊಂದೆಡೆ ಕಲಸುಮೇಲೋಗರವಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೂ ದೇವನಾಗರಿಗೂ ತಲಾ 128 ಸ್ಥಾನಗಳ ಸಾಲನ್ನು ಒದಗಿಸಿತು. ಎರಡಕ್ಕೂ ಭಾರತದ ‘ಇಸ್ಕಿ’ ಕ್ರಮವೇ ಆಧಾರವಾದುದರಿಂದ ಎರಡು ಸಾಲುಗಳಲ್ಲಿಯೂ ‘ಅ’ಕಾರವು ಆರನೆಯ ಸ್ಥಾನದಲ್ಲಿದೆ. ಲಿಪಿ ಬೇರೆಯಾದರೂ ಪಂಕ್ತಿ ಒಂದೇ!

ಎರಡನೆಯದು, ತೆರೆಯ ಮೇಲೆ ಕಾಣುವ ಮಾತುಗಳನ್ನು ತಂತ್ರಾಂಶದ ಒಳಸೂತ್ರಗಳಿಂದ ಬೇರ್ಪಡಿಸಿ ಭಾಷೆಗೊಂದು ಕಡತದಲ್ಲಿ ಇಡುವುದು. ಹೀಗೆ ಮಾಡಿದರೆ ಹೊಸ ಭಾಷೆಗಾಗಿ ಇಡೀ ತಂತ್ರಾಂಶವನ್ನು ಮತ್ತೆ ರಚಿಸಬೇಕಾಗುವುದಿಲ್ಲ.

ನಿಜವಾದ ತೊಡಕು ವ್ಯಾಕರಣದಲ್ಲಿದೆ. ಇಂಗ್ಲಿಷಿನಲ್ಲಿ ಹೆಸರು ಬದಲಾಗುವುದಿಲ್ಲ. ವಾಕ್ಯದ ನಡುವೆ ಯಾರ ಹೆಸರನ್ನಾದರೂ ಕೂಡಿಸಬಹುದು. ಕನ್ನಡದಲ್ಲಿ ರಾಮನಿಗೆ, ಸೀತೆಗೆ, ಗುರುವಿಗೆ ಎಂದು ರೂಪ ಬೇರೆಯಾಗುತ್ತದೆ. ಮರಾಠಿಯಲ್ಲಿಯೂ ರಾಮಾಲಾ, ಸೀತೇಲಾ ಎಂದೇ ಆಗಬೇಕು. ಯಂತ್ರವು ಕಣ್ಣುಮುಚ್ಚಿ ‘ಗೆ’ ಎಂದು ಅಂಟಿಸಿದರೆ ‘ರಾಮಗೆ’ ಆದೀತು. ‘ಹಣ ಪಡೆದವರು: ರಾಮ’ ಎಂದು ವಾಕ್ಯವನ್ನೇ ಬೇರೆ ರೀತಿಯಲ್ಲಿ ಕಟ್ಟುವುದು ಜಾಣತನ. ಬಂದನು, ಬಂದಳು ಎಂಬ ಭೇದ ತಿಳಿಯದಿದ್ದಲ್ಲಿ ‘ಬಂದರು’ ಎಂದರೆ ಗೌರವವೂ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಗಡಿನಾಡಿನವರಾದ ನಾವು ವಿಶೇಷವಾಗಿ ಗಮನಿಸಬೇಕು. ತಂತ್ರಾಂಶಗಳು ಬಳಸುವ ಭಾಷಾಸಂಕೇತದಲ್ಲಿ ‘ಕನ್ನಡ, ಭಾರತ’ ಎಂದಷ್ಟೇ ಇರುತ್ತದೆ, ರಾಜ್ಯದ ಹೆಸರಿಲ್ಲ. ಊರು ಮಹಾರಾಷ್ಟ್ರದಲ್ಲಿದೆ ಎಂದ ಮಾತ್ರಕ್ಕೆ ಮನೆಮಾತು ಮರಾಠಿಯೇ ಎಂದು ಊಹಿಸುವುದು ತಂತ್ರಾಂಶ ಕಟ್ಟುವವರ ಅವಸರವೇ ಹೊರತು ಯಂತ್ರದ ನಿರ್ಬಂಧವಲ್ಲ. ಭಾಷೆಯನ್ನು ಆರಿಸುವ ಅಧಿಕಾರ ಬಳಸುವವರದಾಗಿರಬೇಕು.

ಫೈರ್‌ಫಾಕ್ಸಿನಂತಹ ತಂತ್ರಾಂಶಗಳು ಕನ್ನಡದಲ್ಲಿ ದೊರೆತಿರುವುದು ಸ್ವಯಂಸೇವಕರ ಶ್ರಮದಿಂದ. ಎರಡು ಭಾಷೆಗಳ ಜಾಡನ್ನು ಬಾಲ್ಯದಿಂದಲೇ ಬಲ್ಲ ನಮ್ಮ ತರುಣ-ತರುಣಿಯರು ಈ ಕಾರ್ಯಕ್ಕೆ ಎಲ್ಲ ರೀತಿಯಲ್ಲಿಯೂ ಅರ್ಹರು. ಅವರು ಮುಂದೆ ಬಂದರೆ ಮನೆಯ ಅಜ್ಜಿಯು ತನ್ನ ಲೆಕ್ಕವನ್ನು ತಾನೇ ಓದಿಕೊಂಡಾಳು.