ದುಂಡು ಬಾಟಲಿಗೆ ಚೌಕ ಕೋಡ್

ಕಳಸಾಪುರದ ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಡಲು ಫೋನ್ ಹಿಡಿಯುವಂಥ ಕಪ್ಪು-ಬಿಳಿ ಚೌಕ ಈಗ ಯುರೋಪಿನ ವೈನ್ ಬಾಟಲಿಗಳ ಮೇಲೂ ಕಾಣುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2023ರ ಡಿಸೆಂಬರ್ 8ರಿಂದೀಚೆಗೆ ತಯಾರಾದ ವೈನ್‌ನಲ್ಲಿ ಏನೇನು ಬೆರೆತಿದೆ, ಪೋಷಕಾಂಶ ಎಷ್ಟಿದೆ ಎಂದು ತಿಳಿಸುವುದು ಕಡ್ಡಾಯ. ಅಂಗೈಯಗಲದ ಲೇಬಲ್‌ನಲ್ಲಿ, ಅದೂ ಹಲವು ಭಾಷೆಗಳಲ್ಲಿ, ಇಷ್ಟಕ್ಕೆ ಜಾಗವೆಲ್ಲಿ? ಅದಕ್ಕೇ ಕ್ಯೂಆರ್ ಕೋಡ್ ಮೂಲಕ ತೋರಿಸಲು ಅವಕಾಶವಿದೆ. ಆದರೆ ಸಲ್ಫೈಟ್‌ನಂಥ ಅಲರ್ಜಿಕಾರಕಗಳ ಹೆಸರು ಮತ್ತು ಕ್ಯಾಲೊರಿ ಲೆಕ್ಕ ಬಾಟಲಿಯ ಮೇಲೆಯೇ ಇರಬೇಕು. ಕೋಡ್ ತೆರೆಯುವ ಪುಟದಲ್ಲಿ ಜಾಹೀರಾತು ಇರಕೂಡದು; ನೋಡಿದವರ ವಿವರ ಕಲೆಹಾಕಕೂಡದು. ನಂದಿ ಬೆಟ್ಟದ ಆಸುಪಾಸಿನ ದ್ರಾಕ್ಷಿಯ ವೈನ್ ಅಲ್ಲಿ ಮಾರಾಟವಾಗಬೇಕಾದರೂ ಇದೇ ನಿಯಮ.

ಈ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ. ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಸಂಗಡಿಗರು ರೂಪಿಸಿದರು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳೇ ಇದರ ಗುಟ್ಟು. ಪ್ರತಿಯೊಂದರ ನಟ್ಟನಡುವೆ ಹಾಯುವಂತೆ ಎತ್ತಲಿಂದ ಗೆರೆ ಎಳೆದರೂ ಕಪ್ಪು-ಬಿಳಿಯ ಪಟ್ಟಿಗಳು 1:1:3:1:1ರ ಅಳತೆಯಲ್ಲೇ ಬರುತ್ತವೆ. ಅಚ್ಚಾದ ಕಾಗದಗಳಲ್ಲಿ ಅತ್ಯಂತ ಅಪರೂಪದ ಅನುಪಾತ ಯಾವುದೆಂದು ಹುಡುಕಿ ಇದನ್ನು ಆರಿಸಲಾಯಿತು. ಹಾಗಾಗಿ ಬಾಟಲಿ ತಲೆಕೆಳಗಾದರೂ ಕ್ಯಾಮೆರಾಕ್ಕೆ ಕೋಡ್ ಎಲ್ಲಿದೆ, ಯಾವ ದಿಕ್ಕಿಗಿದೆ ಎಂಬುದು ಥಟ್ಟನೆ ತಿಳಿಯುತ್ತದೆ.

ದುಂಡು ಬಾಟಲಿಯ ಮೇಲೆ ಕೋಡ್‌ನ ಎರಡೂ ಅಂಚು ಹಿಂದಕ್ಕೆ ಬಾಗಿ, ಅಲ್ಲಿನ ಕಪ್ಪು-ಬಿಳಿ ಮನೆಗಳು ಕಿರಿದಾಗಿ ಕಾಣುತ್ತವೆ. ಈ ಸೊಟ್ಟವನ್ನು ಅಂದಾಜು ಮಾಡಲು ಒಳಗೆ ಸಾಮಾನ್ಯವಾಗಿ ಇನ್ನೊಂದು ಪುಟ್ಟ ಚೌಕ ಇರುತ್ತದೆ. ಲೇಬಲ್ ಹರಿದರೆ, ಒದ್ದೆಯಾದರೆ? 1960ರಲ್ಲಿ ಗಣಿತಜ್ಞರಾದ ರೀಡ್ ಮತ್ತು ಸಾಲೊಮನ್ ಕೊಟ್ಟ ಸೂತ್ರದಂತೆ ಮಾಹಿತಿಯ ಜತೆ ಹೆಚ್ಚುವರಿ ಅಂಕಿಗಳನ್ನೂ ತುಂಬಿರುತ್ತಾರೆ. ಅವುಗಳ ಬಲದಿಂದ ದತ್ತಾಂಶದ ಸುಮಾರು ಶೇಕಡಾ 30ರವರೆಗೆ ಹಾಳಾದರೂ ಓದಿಕೊಳ್ಳುವಂತೆ ಕೋಡ್ ಮಾಡಬಹುದು. ಅತಿ ಚಿಕ್ಕ ಕೋಡ್‌ಗೆ 21×21 ಮನೆ, ಅತಿ ದೊಡ್ಡದಕ್ಕೆ 177×177. ವಿಳಾಸ ಚಿಕ್ಕದಾದಷ್ಟೂ ಮನೆಗಳು ಕಡಿಮೆ. ಅಷ್ಟೇ ಜಾಗದಲ್ಲಿ ಒಂದೊಂದೂ ದಪ್ಪಗೆ ಅಚ್ಚಾಗುತ್ತದೆ, ಓದಲು ಸಲೀಸು.

ವೈನ್ ಲೇಬಲ್‌ನ ಕೋಡ್‌ನಲ್ಲಿ ವೈನಿನ ವಿವರವೇ ಇರುವುದಿಲ್ಲ, ಇರುವುದು ಅಂತರ್ಜಾಲದ ವಿಳಾಸ ಮಾತ್ರ. ಆ ಚೌಕವನ್ನು ಜೆರಾಕ್ಸ್ ಮಾಡಿ ಕಳಪೆ ಬಾಟಲಿಗೆ ಅಂಟಿಸಿದರೂ ಅದೇ ಪುಟ ತೆರೆಯುತ್ತದೆ. ನಕಲು ಹಿಡಿಯಬೇಕಾದರೆ ಬೇರೊಂದು ಕೋಡ್‌ನಲ್ಲಿ ಪ್ರತಿ ಬಾಟಲಿಗೂ ಬೇರೆಯದೇ ಸಂಖ್ಯೆ ಕೊಟ್ಟು, ಒಂದೇ ಸಂಖ್ಯೆ ಹತ್ತಾರು ಊರುಗಳಲ್ಲಿ ಸ್ಕ್ಯಾನ್ ಆಗುತ್ತಿದೆಯೇ ಎಂದು ಗಮನಿಸಬೇಕು.

ಕೋಡ್ ವೈನಿಗಷ್ಟೇ ಸೀಮಿತವಲ್ಲ: ನಮ್ಮಲ್ಲಿ 2023ರ ಆಗಸ್ಟ್ 1ರಿಂದ 300 ಪ್ರಮುಖ ಔಷಧ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಇಲ್ಲವೇ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಕ್ಯೂಆರ್ ಕೋಡ್ ಮೂಲಕ ಬಿತ್ತನೆ ಬೀಜದ ಜಾಡು ಹಿಡಿಯಲು ಕೇಂದ್ರ ಸರ್ಕಾರದ 'ಸಾಥಿ' ವ್ಯವಸ್ಥೆಯೂ ಅದೇ ವರ್ಷ ಬಂತು. ಮಾತ್ರೆಯಿರಲಿ, ಹೆಸರುಕಾಳಿನ ಬೀಜವಿರಲಿ, ಕೋಡ್ ತೆರೆದುಕೊಂಡಿತೆಂದು ನಿಲ್ಲಬೇಡಿ. ಫೋನ್ ತೋರಿಸುವ ಹೆಸರು, ಬ್ಯಾಚ್ ಅಥವಾ ಲಾಟ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ಪೊಟ್ಟಣದ ಮೇಲಿನ ಅಚ್ಚಿನೊಡನೆ ತಾಳೆ ನೋಡಿ. ತಾಳೆಯಾಗದಿದ್ದರೆ ಅಂಗಡಿಯವರನ್ನು ಅಲ್ಲಿಯೇ ಕೇಳಿ.