ಮಂಜರಾಬಾದಿನಿಂದ ಮಂಕನಹಳ್ಳಿಗೆ

ಹಾಸನದಿಂದ ಮಂಗಳೂರಿನ ದಾರಿ ಹಿಡಿದವರಿಗೆ ಆಲೂರಿನ ಸೀಮೆ ಕಳೆಯುತ್ತಲೇ ನೆಲದ ನಡೆ ಬದಲಾದುದು ತಿಳಿಯುತ್ತದೆ. ಕಣಿವೆಯಲ್ಲಿ ಗದ್ದೆ, ಇಳಿಜಾರಿನಲ್ಲಿ ಕಾಫಿ, ಅದಕ್ಕೆ ನೆರಳಾಗಿ ಮರ, ಆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೋಲಾರದ ಕೆರೆಯಂಗಳಗಳಲ್ಲಿ ಬೆಳೆದ ನನ್ನಂಥವನಿಗೆ ಇಷ್ಟು ಹಸುರನ್ನು ಒಮ್ಮೆಗೇ ನೋಡುವುದೆಂದರೆ ಸಂತೋಷದೊಡನೆ ಕೊಂಚ ಹೊಟ್ಟೆಕಿಚ್ಚೂ ಹೌದು. 2025ರ ಆಷಾಢದ ಒಂದು ದಿನ, ನಿವೃತ್ತರಾದ ಉಪಾಧ್ಯಾಯ ಮಿತ್ರರೊಬ್ಬರೊಡನೆ ಹೇಮಾವತಿಯನ್ನು ದಾಟಿ ಸಕಲೇಶಪುರವನ್ನು ಸೇರಿದೆ. ಊರಿಗೆ ಹೆಸರಿತ್ತ ಸಕಲೇಶ್ವರನಿಗೆ ದೂರದಿಂದಲೇ ಕೈಮುಗಿದು, ಎಲ್ಲ ಪ್ರವಾಸಿಗರಂತೆ ನಾವೂ ಮಂಜರಾಬಾದಿನ ಕೋಟೆಗೆ ಹೋದೆವು.

ಕರಾವಳಿಯಿಂದ ಮೈಸೂರು ಸೀಮೆಗೆ ಏರಿಬರುವ ದಾರಿಯನ್ನು ಕಾಯಲೆಂದು ಟಿಪ್ಪೂ ಸುಲ್ತಾನನು ಕಟ್ಟಿಸಿ, 1792ರಲ್ಲಿ ಮುಗಿಸಿದ ಕೋಟೆಯಿದು. ಇಲ್ಲಿ ಕವಿದಿದ್ದ ಮಂಜನ್ನು ಕಂಡೇ ಅವನು ಈ ಹೆಸರನ್ನಿಟ್ಟನೆಂದು ಪ್ರತೀತಿ. ಫ್ರೆಂಚರ ದುರ್ಗವಿಧಾನದಂತೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಮೂಲೆಗಳು ಅಂದಕ್ಕಾಗಿ ಮೂಡಿದವಲ್ಲ. ಒಂದು ಮೂಲೆಯ ಗೋಡೆಯ ಬುಡಕ್ಕೆ ಶತ್ರು ಬಂದರೆ ಪಕ್ಕದ ಮೂಲೆಯಿಂದ ಅವನ ಮೇಲೆ ಗುಂಡು ಹಾರಿಸಬಹುದು. ಆಗಸದಿಂದ ತೆಗೆದ ಚಿತ್ರಗಳಲ್ಲಿ ಈ ನಕ್ಷತ್ರವನ್ನು ಕಂಡು ಮರುಳಾಗಿ ಜನ ಬರುತ್ತಾರೆ. ಸುಮಾರು 250 ಮೆಟ್ಟಿಲುಗಳನ್ನು ಹತ್ತಿದ ಮೇಲೆ ಕಾಣುವುದು ಮಾತ್ರ ಗೋಡೆ, ಹುಲ್ಲು ಮತ್ತು ಮಂಜು. "ಸ್ಟಾರ್ ಎಲ್ಲಿದೆ ಸಾರ್?" ಎಂದು ಕಾಲೇಜಿನ ಹುಡುಗನೊಬ್ಬ ನಮ್ಮನ್ನೇ ಕೇಳಿದ. ಮೇಷ್ಟ್ರು ಅವನನ್ನು ಬಾಗಿಲಿಗೆ ಕರೆದೊಯ್ದು ಕತ್ತೆತ್ತಿಸಿದರು. ಅಲ್ಲಿ ಛಾವಣಿಯ ಮೇಲೆ ಕೋಟೆಯ ನಕ್ಷೆಯನ್ನೇ ಕೊರೆದಿದ್ದಾರೆ! ಆಗಸಕ್ಕೆ ಏರಲಾರದವರಿಗೆಂದೇ ಆ ಶಿಲ್ಪಿ ಬಿಟ್ಟುಹೋದ ಉಪಕಾರ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಕೊಳ. ಕೂಡಿಸುವ ಚಿಹ್ನೆಯ ಆಕಾರದಲ್ಲಿ, ನಾಲ್ಕು ಕಡೆಯಿಂದಲೂ ಮೆಟ್ಟಿಲಿಳಿಯುವಂತೆ ಅದನ್ನು ಕಟ್ಟಿದ್ದಾರೆ. ಪಕ್ಕದಲ್ಲೇ ಮದ್ದಿನ ನೆಲಮನೆಗಳು. ಮದ್ದನ್ನು ಒಣದಾಗಿಯೂ ನೀರನ್ನು ತುಂಬಿದಂತೆಯೂ ಇಡಬೇಕು. ಎರಡರಲ್ಲಿ ಯಾವುದು ಕೆಟ್ಟರೂ ಕೋಟೆ ಉಳಿಯದು. ಇಷ್ಟು ಮಳೆಯ ನಾಡಿನಲ್ಲೂ ಗುಡ್ಡದ ನೆತ್ತಿಯಲ್ಲಿ ನೀರು ನಿಲ್ಲುವುದಿಲ್ಲವಷ್ಟೆ. "ನಿಲ್ಲದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ತೋರಿಸುತ್ತೇನೆ, ಬನ್ನಿ" ಎಂದು ಮೇಷ್ಟ್ರು ಎಬ್ಬಿಸಿದರು.

ಹೆತ್ತೂರಿನ ಮೇಲೆ ಬಿಸಿಲೆಯ ಕಡೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯಿದೆ. ನೋಡುವುದಕ್ಕೆ ಒಂದು ದಿಣ್ಣೆ, ಒಂದು ಕಲ್ಲು, ಅಷ್ಟೆ. ಮೋಟಾರಿನವರು ತಿರುಗಿಯೂ ನೋಡದೆ ಹೋಗುವಂಥದು. ಆ ಕಲ್ಲಿನ ಮೇಲೆ ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಎಂದು ಇಂಗ್ಲಿಷಿನಲ್ಲಿ ಕೊರೆದಿದೆ. ದಿಣ್ಣೆಯ ಮೂಡಲಿಗೆ ಬಿದ್ದ ಹನಿ ಹೇಮಾವತಿಯನ್ನು ಸೇರಿ, ಕನ್ನಂಬಾಡಿಯಲ್ಲಿ ಕಾವೇರಿಯೊಡನೆ ಬೆರೆತು, ತಮಿಳುನಾಡನ್ನೆಲ್ಲ ಹಾದು ಕಡಲಿಗೆ ಸೇರಬೇಕು. ಒಂದು ಗೇಣು ಪಡುವಲಿಗೆ ಬಿದ್ದ ಹನಿಗೆ ಕುಮಾರಧಾರೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಮುಂದೆ ಮಂಗಳೂರಿನ ಕಡಲು. ಮಳೆ ಸುರಿಯುತ್ತಲೇ ಇತ್ತು. ನನ್ನ ಕೊಡೆಯ ಎರಡು ಅಂಚುಗಳಿಂದ ಇಳಿದ ನೀರು ಎರಡು ಸಮುದ್ರಗಳಿಗೆ ಹಂಚಿಹೋಯಿತೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಹಂಚಿಕೆಗೆ ಮನುಷ್ಯನೂ ಈಗ ಕೈಹಚ್ಚಿದ್ದಾನೆ. ಇದೇ ತಾಲ್ಲೂಕಿನಲ್ಲಿ ಪಡುವಲಿಗೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ ಮೊದಲಾದ ತೊರೆಗಳ ಮಳೆಗಾಲದ ನೀರನ್ನು ಯಂತ್ರಗಳಿಂದ ಮೇಲೆತ್ತಿ, ಮೂಡಲಿನ ಬರಜಿಲ್ಲೆಗಳಿಗೆ ಕಳುಹಿಸುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಉದ್ಘಾಟನೆಯಾಯಿತು. ಲೆಕ್ಕ ಹಾಕಿರುವುದು ವರ್ಷಕ್ಕೆ 24 ಟಿ.ಎಂ.ಸಿ. ನೇತ್ರಾವತಿ ಬಡವಾದೀತೆಂದು ಕರಾವಳಿಯವರು ಪ್ರತಿಭಟಿಸಿದ್ದಾರೆ. ಕಾಡು ಕಡಿದುದನ್ನೂ ಗುಡ್ಡ ಕುಸಿದುದನ್ನೂ ಮಲೆಯವರು ಕಣ್ಣಾರೆ ಕಂಡಿದ್ದಾರೆ. ಬಾಯಾರಿದ ಊರಿನವನಾದ ನಾನು ಈ ವ್ಯಾಜ್ಯದಲ್ಲಿ ನಿಷ್ಪಕ್ಷಪಾತಿಯೆಂದರೆ ಯಾರೂ ನಂಬಬೇಕಾಗಿಲ್ಲ.

ಗೊರಬು ಹೊದ್ದು ದನ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ನಮ್ಮ ಊರನ್ನು ವಿಚಾರಿಸಿದರು. ಕೋಲಾರವೆಂದೆ.

"ಹಾಗಾದರೆ ನಮ್ಮ ಹೊಳೆ ನಿಮ್ಮೂರಿಗೆ ಬಂತಾ ಸ್ವಾಮಿ?"

"ಇನ್ನೂ ಇಲ್ಲ ಅಜ್ಜ."

ಅವರು ಗೊರಬನ್ನು ಸರಿಮಾಡಿಕೊಂಡು, "ಇಲ್ಲಿಂದ ಹೋಗಿ ಆಗಲೇ ಒಂದು ಮಳೆಗಾಲ ಆಯಿತಲ್ಲ" ಎಂದು ದನಗಳ ಹಿಂದೆ ನಡೆದರು.